ದೇವೀರಿ ಮತ್ತು ಚೆಂಡು ಬಿಡದ ಗೋಡೆ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಮೂಗಿನೊಳಗಿನ ಬೆರಳು ತೆಗೆದು ಕೇಳಿ.

ಅದೊಂದು ರಾಜ್ಯ. ಅಲ್ಲಿನ ರಾಜನಿಗೆ ಟೆನಿಸ್ ಅಂದರೆ ಹುಚ್ಚು. ಮಳೆ ಬೆಳೆ ವಿಚಾರಿಸದಿದ್ದರೂ ಅಂಕಣಕ್ಕೆ ದಿನಾ ಸುಣ್ಣದ ಗೆರೆ ಎಳೆಸುತ್ತಿದ್ದ. ಆ ಊರಲ್ಲಿ ದೇವೀರಿ ಎಂಬ ಹುಡುಗಿ ಇದ್ದಳು. ಜೊತೆಗೆ ಆಡುವವರಿಲ್ಲದೆ ಕೋಟೆಯ ಹಿಂದಿನ ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತಳು. ಬೆಳೆದಳು, ಮದುವೆಯಾದಳು, ಹೆತ್ತಳು. ಚೆಂಡು ಮಾತ್ರ ಬಿಡಲಿಲ್ಲ. ಗೋಡೆಯೂ ಬಿಡಲಿಲ್ಲ. ಎಷ್ಟು ಹೊಡೆದರೂ ಅಷ್ಟೂ ವಾಪಸ್.

ಒಂದು ಮಟಮಟ ಮಧ್ಯಾಹ್ನ ಗೋಡೆ ಮಾತಾಡಿತು.

“ದೇವೀರಿ, ನಿನ್ನನ್ನು ಗೆಲ್ಲಿಸ್ತೀನಿ. ಎದುರಿನವರು ಎಲ್ಲಿ ಹೊಡೆದರೂ ಚೆಂಡು ನಿನ್ನ ಬ್ಯಾಟಿಗೇ ಬರುತ್ತೆ. ನಿನ್ನ ನಗು ಕೊಡ್ತೀಯಾ?”

“ನಗು ತಾನೆ? ತಗೋ.”

ಊರಿನ ಪಂದ್ಯ ಗೆದ್ದಳು. ಜನ ಹಾರ ಹಾಕಿದರು. ನಗಲು ಬಾಯಿ ತೆರೆದರೆ ನಗು ಬರಲಿಲ್ಲ. ದೂರದ ಗೋಡೆಯೊಳಗೆ ಯಾರೋ ಅವಳ ಹಾಗೇ ನಕ್ಕರು.

ಎರಡನೇ ಸಲ ಗೋಡೆ ಅವಳ ನೆರಳು ಕೇಳಿತು.

“ನೆರಳಿಟ್ಕೊಂಡು ಉಪ್ಪಿನಕಾಯಿ ಹಾಕಲಾ? ತಗೋ.”

ರಾಜ್ಯದ ಪಂದ್ಯ ಗೆದ್ದಳು. ಬಿಸಿಲಲ್ಲಿ ಬ್ಯಾಟಿನ ನೆರಳೊಂದೇ ನೆಲದ ಮೇಲೆ ಓಡಾಡುತ್ತಿತ್ತು. ನೋಡಿದವರು ಚಪ್ಪಾಳೆ ಮರೆತರು.

ಮೂರನೇ ಸಲ ಗೋಡೆ, “ಏನು ಬೇಕು ಅಂತ ಗೆದ್ದ ಮೇಲೆ ಹೇಳ್ತೀನಿ” ಎಂದಿತು. ಬುದ್ಧಿ ಇದ್ದವರು ಅಲ್ಲೇ ಎದ್ದು ಬರುತ್ತಿದ್ದರು. ಇವಳು ಹೂಂ ಅಂದಳು.

ಏಳು ರಾಜ್ಯಗಳ ಪಂದ್ಯ ಗೆದ್ದು, ಬೆಳ್ಳಿ ಬಟ್ಟಲು ಹಿಡಿದು ಓಡಿ ಬಂದರೆ, ಮಗಳು ಸುಬ್ಬಿ ಗೋಡೆಗೆ ಆತು ನಿಂತಿದ್ದಾಳೆ. ಮಗುವಿನ ಕೈ ಮಣಿಕಟ್ಟಿನವರೆಗೆ ಕಲ್ಲಿನೊಳಗೆ ಹೋಗಿದೆ.

“ಅವ್ವಾ, ಒಳಗೆ ತಣ್ಣಗಿದೆ. ಯಾರೋ ನನ್ನ ಬೆರಳು ಎಣಿಸ್ತಿದ್ದಾರೆ.”

ದೇವೀರಿ ಬಟ್ಟಲು ಬಿಸಾಕಿ ಮಗುವನ್ನು ಎಳೆದಳು. ಕೈ ಮೊಣಕೈವರೆಗೆ ಒಳಗೆ ಹೋಯಿತು. ಎಳೆಯುವುದು ಬಿಟ್ಟಳು. ಗೋಡೆಗೆ ಮೆಲ್ಲಗೆ ಹೇಳಿದಳು:

“ಒಂದು ಆಟ ಆಡೋಣ. ಸೋತರೆ ನಾನೂ ಒಳಗೆ ಬರ್ತೀನಿ. ಗೆದ್ದರೆ ತಗೊಂಡಿದ್ದೆಲ್ಲ ವಾಪಸ್.”

ಗೋಡೆ ಅವಳದೇ ನಗು ನಕ್ಕಿತು. “ಹುಚ್ಚಿ! ನಾನು ಯಾವತ್ತಾದರೂ ಚೆಂಡು ಬಿಟ್ಟಿದ್ದೀನಾ?”

“ಇಲ್ಲ. ದೊಡ್ಡವರು ನೀವು. ಅದಕ್ಕೇ ಮೊದಲ ಸರ್ವ್ ನಿಮಗೇ.”

ಸರ್ವ್ ಅಂದರೆ ಆಟ ಶುರು ಮಾಡುವ ಹೊಡೆತ. ಅದು ಸಿಕ್ಕವರದೇ ಮೇಲುಗೈ. ಸರ್ವ್ ಮಾಡಲಾಗದವರು ಸೋತ ಹಾಗೆ. ಗೋಡೆ ಉಬ್ಬಿಹೋಯಿತು. “ನನಗೇ!” ಎಂದು ಆಣೆಯಿಟ್ಟಿತು.

ದೇವೀರಿ ಚೆಂಡನ್ನು ಗೋಡೆಯ ಬುಡದಲ್ಲಿಟ್ಟು ಹಿಂದೆ ಸರಿದು ನಿಂತಳು. “ಹೊಡೀರಿ.”

ಚೆಂಡು ಅಲ್ಲಾಡಲಿಲ್ಲ.

“ನೀನು ಹೊಡಿ, ನಾನು ವಾಪಸ್ ಕೊಡ್ತೀನಿ.”

“ಸರದಿ ನಿಮ್ಮದು.”

“ಒಂದೇ ಒಂದು ಹೊಡಿ!”

“ಸರದಿ ನಿಮ್ಮದು.”

“ತಾಯಿ, ಕೈ ಮುಗೀತೀನಿ...”

“ಎಲ್ಲಿದೆ ಕೈ?”

ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತು. ಸುಬ್ಬಿಯ ಕೈ ಹೊರಗೆ ಬಂತು, ಬಾವಿಯ ಕಲ್ಲಿನಷ್ಟು ತಣ್ಣಗೆ. ನೆರಳು ತೆವಳಿಕೊಂಡು ಬಂದು ದೇವೀರಿಯ ಕಾಲಿಗೆ ಅಂಟಿತು. ನಗು ಕೊನೆಗೆ ಬಂತು, ಸ್ವಲ್ಪ ಮಣ್ಣು ಮಣ್ಣಾಗಿ. ಆಮೇಲೆಯೂ ದೇವೀರಿ ಆಡಿದಳು. ಸೋತಳು, ಗೆದ್ದಳು, ಎರಡೂ ತನ್ನ ತೋಳಿನಿಂದಲೇ.

ಕೇಳಿದಿರಾ ಮಕ್ಕಳೇ? ಬೆಲೆ ಏನೆಂದು ಹೇಳದ ಗೆಲುವಿಗೆ ಹೂಂ ಅನ್ನಬೇಡಿ. ಬರೀ ತಗೊಳ್ಳುವವರು ಎದುರಾದರೆ ಹೆದರಲೂ ಬೇಡಿ. “ಈಗ ನಿನ್ನ ಸರದಿ, ಕೊಡು” ಅನ್ನಿ. ಅಂಥವರ ಹತ್ತಿರ ಸ್ವಂತದ್ದು ಅಂತ ಏನೂ ಇರುವುದಿಲ್ಲ.