ಸದ್ದಿಲ್ಲದೆ ಬಂದ ಎತ್ತು

"ಗುರುಗಳೇ, ಎಲ್ಲರೂ ಆನಂದ, ಆನಂದ ಅನ್ನುತ್ತಾರೆ. ನಾನು ಹುಡುಕದ ಜಾಗವಿಲ್ಲ. ನನ್ನೊಬ್ಬನಿಗೇ ಅದು ಯಾಕೆ ಸಿಗುವುದಿಲ್ಲ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಕೇಳುವ ಮುಂಚೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಿದ್ದ. ಹೊರಗೆ ಮಠದ ಅಂಗಳದಲ್ಲಿ ಮಕ್ಕಳು ಲಗೋರಿ ಆಡುತ್ತ ಕೇಕೆ ಹಾಕುತ್ತಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತನ್ನ ಕಿವಿಯ ಬಗ್ಗೆ ಅವನಿಗೆ ಬಲು ಜಂಬ. "ಸಾವಿರ ಎತ್ತು ಒಟ್ಟಿಗೆ ಬರಲಿ, ನನ್ನ ಎತ್ತಿನ ಗಂಟೆ ಯಾವುದೆಂದು ಕಣ್ಣು ಮುಚ್ಚಿ ಹೇಳುತ್ತೇನೆ. ತಪ್ಪಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ" ಎನ್ನುತ್ತಿದ್ದ. ಬರೀ ಮಾತಲ್ಲ, ಹಾಗೇ ಮಾಡುತ್ತಿದ್ದ. ಊರ ದನವೆಲ್ಲ ಕೆರೆಯಲ್ಲಿ ನೀರು ಕುಡಿದು ಮರಳುವಾಗ ದಾರಿಯಲ್ಲಿ ಕಣ್ಣು ಮುಚ್ಚಿ ನಿಂತು, ತನ್ನ ಜೋಡಿಯನ್ನು ಗಂಟೆಯ ಸದ್ದಿನಿಂದಲೇ ಹೆಕ್ಕುತ್ತಿದ್ದ.

ಒಂದು ಸಂಜೆ ಹಾಗೇ ನಿಂತಿದ್ದ. ಮರುದಿನ ಬಿತ್ತನೆ ಇತ್ತು. ನೆಲದ ಹದ ಆರುವ ಮೊದಲೇ ಕೂರಿಗೆ ಹೂಡಬೇಕು. ಆ ಸಂಜೆ ಒಂದೇ ಗಂಟೆ ಕೇಳಿಸಿತು. ಇನ್ನೊಂದರ ಸದ್ದೇ ಇಲ್ಲ. ಒಂಟಿ ಎತ್ತಿನಲ್ಲಿ ಬಿತ್ತುವುದು ಹೇಗೆ? ಕಣ್ಣು ಬಿಟ್ಟರೆ ಕಿವಿ ಚದುರೀತು ಎಂದು ರೈತ ಇನ್ನಷ್ಟು ಬಿಗಿಯಾಗಿ ಮುಚ್ಚಿದ.

ಅಷ್ಟರಲ್ಲಿ ಒಂದು ಎತ್ತು ಬಂದು ಅವನ ಕುತ್ತಿಗೆ ನೆಕ್ಕಿತು.

"ಥೂ! ಯಾರದಪ್ಪಾ ಇದು? ನನಗೆ ಪ್ರಾಣ ಹೋಗುತ್ತಿದೆ, ಇದಕ್ಕೆ ಮುದ್ದು!" ಎಂದು ಮೊಣಕೈಯಿಂದ ತಿವಿದ.

ಅದು ಒಂದು ಸುತ್ತು ಹಾಕಿ ಬಂದು ಮತ್ತೆ ನೆಕ್ಕಿತು. ಮತ್ತೆ ತಿವಿದ.

ಹಿಂದೆಯೇ ಬಂದ ಹೆಂಡತಿ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಎತ್ತಿನ ಕೊರಳ ಗಂಟೆಯೊಳಗೆ ಬೆರಳು ಹಾಕಿ, ಕೆರೆಯಂಚಿನಲ್ಲಿ ಮೆತ್ತಿಕೊಂಡಿದ್ದ ಕೆಸರನ್ನು ಕಿತ್ತೆಸೆದಳು. ಗಂಟೆ ಠಣ್ ಎಂದಿತು.

ರೈತ ಕಣ್ಣು ಬಿಟ್ಟು ಎತ್ತನ್ನು ತಬ್ಬಿಕೊಂಡ. "ಬಂದೆಯಾ ನನ್ನಪ್ಪಾ! ಎಲ್ಲಿಗೆ ಹೋಗಿದ್ದೆಯೋ?"

"ಅದು ಆಗಲೇ ಬಂದಾಗಿತ್ತು. ಈಗ ಬಂದಿದ್ದು ನೀವು" ಎಂದಳು ಹೆಂಡತಿ. "ನಡೀರಿ ಮನೆಗೆ, ಮೀಸೆಗೆ ಕತ್ತಿ ಮಸೆದು ಕೊಡ್ತೀನಿ."

ಎತ್ತು ಆ ಮೀಸೆಯನ್ನೂ ಒಮ್ಮೆ ನೆಕ್ಕಿತು.

ಚೆನ್ನವೀರನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ, ಗುರುಗಳೇ! ನಾನಾಗಿದ್ದರೆ ಮೊದಲ ಸಲ ನೆಕ್ಕಿದಾಗಲೇ ಕಣ್ಣು ಬಿಡುತ್ತಿದ್ದೆ."

ಗುರುಗಳೂ ನಕ್ಕರು. "ಹೌದೇನಪ್ಪಾ? ಹಾಗಾದರೆ ಹೋಗಿ ಆ ಕಿಟಕಿ ತೆಗೆ."

ಚೆನ್ನವೀರ ಎದ್ದು ಹೋಗಿ ಕಿಟಕಿ ತೆಗೆದ. ಮಕ್ಕಳ ಕೇಕೆ ಒಳಗೆ ಬಂತು.