ಅಂಗೈಯಗಲದ ಗುಡ್ಡ

"ಮಾವ, ತಪ್ಪು ಕಣ್ಣೆದುರೇ ಕಾಣುತ್ತಿರುವಾಗ ತಿದ್ದದೆ ಕೂತರೆ ಅದು ಸೋಮಾರಿತನವಲ್ಲವೇ?" ಎಂದು ಸುಗಂಧಿ ಕೇಳಿದಳು.

ಇವಳು ನನ್ನ ಅಕ್ಕನ ಮಗಳು; ದೂರದರ್ಶಕದ ಕನ್ನಡಿ ಉಜ್ಜುವ ವಿದ್ಯೆಯಲ್ಲಿ ನನ್ನ ಶಿಷ್ಯೆ. ತನ್ನ ಮೊದಲ ಕನ್ನಡಿಯನ್ನು ಕೈಯಾರೆ ಒರೆಸಿ ಆಗಷ್ಟೇ ಪರೀಕ್ಷಿಸಿದ್ದಳು. ನಡುವೆ ಉಬ್ಬು ಕಂಡಿತ್ತು. ನಾನು "ತಡಿ" ಎಂದಿದ್ದೆ. ಉಜ್ಜುವ ಬಿಲ್ಲೆ ಅವಳ ಕೈಯಲ್ಲೇ ಇತ್ತು.

ನಾನು ಹೇಳಿದೆ: ಒಂದು ಕತೆ ಕೇಳು. ಅಕ್ಷರ ಅಕ್ಷರವೂ ನಿಜ. ಸುಳ್ಳಾದರೆ ಈ ಮೀಸೆಯ ಅರ್ಧ ನಿನಗೆ. ಎಡಗಡೆಯದು ತಗೋ, ಬಲಗಡೆಯದು ನಿಮ್ಮತ್ತೆಗೆ ಇಷ್ಟ.

ಒಬ್ಬ ಕನ್ನಡಿಗಾರನಿದ್ದ. ಮೂರು ಲೋಕದಲ್ಲಿ ಅಂಥ ಕೈ ಇನ್ನೊಂದಿಲ್ಲ. ಸೊಳ್ಳೆಯ ರೆಕ್ಕೆಗೆ ಹೊಳಪು ಕೊಡುತ್ತಿದ್ದ, ಸೊಳ್ಳೆಗೆ ಎಚ್ಚರವಾಗದಂತೆ. ಬೆಟ್ಟದ ಮೇಲಿನ ದೂರದರ್ಶಕಕ್ಕಾಗಿ ಹದಿನಾಲ್ಕು ತಿಂಗಳು ಒಂದೇ ಗಾಜನ್ನು ಉಜ್ಜಿದ. ಕೊನೆಯ ದಿನ ಅದರ ಮೇಲೆ ಅಂಗೈ ಊರಿ, "ಇನ್ನು ನಿನ್ನಲ್ಲಿ ಕುಂದಿಲ್ಲ ಕಣೇ" ಎಂದು ಮುದ್ದು ಮಾಡುತ್ತ ನಿಂತ. ಅವನ ಮಾತು ಬೇಗ ಮುಗಿಯುವಂಥದ್ದಲ್ಲ.

ಬಳಿಕ ಪರೀಕ್ಷೆಗೆ ಕೂತ. ದೀಪದ ಬೆಳಕನ್ನು ಗಾಜಿಗೆ ಬಿಟ್ಟು, ಮರಳುವ ಕಿರಣಕ್ಕೆ ಬ್ಲೇಡಿನ ಅಂಚು ಅಡ್ಡ ಹಿಡಿದರೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನ ಉಬ್ಬೂ ನೆರಳಾಗಿ ಕಾಣುತ್ತದೆ. ಅವನು ನೋಡಿದ. ನಡುವೆ ಒಂದು ಗುಡ್ಡ!

ಬಿಲ್ಲೆ ಎತ್ತಿಕೊಂಡು ಎದ್ದ. ಅಲ್ಲೇ ಗಾಜು ತೊಳೆಯುವ ಕೆಲಸದಲ್ಲಿದ್ದ ಮುದುಕಿ ಅವನ ಕೈ ಹಿಡಿದಳು.

"ಬಿಡಮ್ಮ. ಸಂಜೆ ಲಾರಿ ಬರುತ್ತೆ. ಗುಡ್ಡ ಹೊತ್ತ ಕನ್ನಡಿ ಕಳಿಸಲೇ?"

"ಗುಡ್ಡವಂತೆ ಗುಡ್ಡ! ಅದು ನಿನ್ನ ಅಂಗೈ ಶಾಖ ಕಣಪ್ಪ. ಬೆಚ್ಚಗಾದ ಕಡೆ ಗಾಜು ಉಬ್ಬಿದೆ, ಅಷ್ಟೇ. ಈಗ ಉಜ್ಜಿದರೆ ಆರಿದ ಮೇಲೆ ಅಲ್ಲೇ ಗುಂಡಿ ಬೀಳುತ್ತೆ. ಅದಕ್ಕೆ ತುಂಬೋಕೆ ಗಾಜು ಎಲ್ಲಿಂದ ತರ್ತೀಯ? ಬಾ, ಮೊಸರನ್ನ ತಿನ್ನು."

ಅವನು ಗೊಣಗುತ್ತ ತಿಂದ. ಉಪ್ಪು ಕಡಿಮೆ ಎಂದ. ಎರಡನೇ ಸಲವೂ ಹಾಕಿಸಿಕೊಂಡ. ಕೈ ತೊಳೆದು ಬಂದು ನೋಡಿದ. ಗುಡ್ಡ ಇರಲಿಲ್ಲ. ಬೆಳಕು ಅಂಚಿನಿಂದ ಅಂಚಿಗೆ ಒಂದೇ ಸಮನಾಗಿತ್ತು. ಸಂಜೆ ಕನ್ನಡಿ ಲಾರಿ ಹತ್ತಿತು.

ಸುಗಂಧಿ ನಕ್ಕಳು. "ಆ ಕನ್ನಡಿಗಾರ ನೀವೇ ತಾನೇ ಮಾವ? ಇಷ್ಟು ಜಂಬ ಇನ್ಯಾರಿಗಿದೆ!"

"ನಾನೇ. ಎಲ್ಲವೂ ನಿಜ, ಒಂದು ಸಣ್ಣ ವಿಷಯ ಬಿಟ್ಟು: ಅವತ್ತು ಬಿಲ್ಲೆ ಎತ್ತಿದ ನನ್ನ ಕೈ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ."