ಟ್ರಾಮ್ ಮಂಟಪಕ್ಕೆ ಬಂದ ಬೇಲಿ

ಪೇಟೆ ಚೌಕದಲ್ಲಿ ಟ್ರಾಮ್ ಓಡಾಟ ನಿಂತು ಎಷ್ಟೋ ಕಾಲವಾಗಿತ್ತು. ಜನ ಅದಕ್ಕಾಗಿ ಕಾಯುತ್ತಿದ್ದ ಕಲ್ಲುಮಂಟಪ ಮಾತ್ರ ಗಟ್ಟಿಯಾಗಿ ನಿಂತಿತ್ತು. ಇದು ನಮ್ಮೂರ ಚರಿತ್ರೆ ಎಂದು ಊರವರು ಅದರ ಸುತ್ತ ಕಬ್ಬಿಣದ ಬೇಲಿ ಹಾಕಿಸಿ ಬೀಗ ಜಡಿದರು.

"ಇನ್ನು ನಿಶ್ಚಿಂತೆಯಾಗಿರು ತಾತ," ಎಂದಿತು ಬೇಲಿ. "ಆ ಹೂವಾಡಗಿತ್ತಿ ಪುಟ್ಟನಂಜಮ್ಮನನ್ನೂ ಹೊರಗಟ್ಟಿದ್ದೇನೆ. ಎಲೆಯಡಿಕೆ ಹಾಕಿಕೊಂಡು ನಿನ್ನ ಕಂಬಕ್ಕೆಲ್ಲ ಸುಣ್ಣದ ಬೆರಳು ಒರೆಸುತ್ತಿದ್ದಳು."

"ಒರೆಸಲಿ ಬಿಡಪ್ಪ. ನನ್ನ ಸೂರಿನ ಬಿರುಕಿನಲ್ಲಿ ಅಶ್ವತ್ಥ ಮೊಳೆತಾಗಲೆಲ್ಲ ಬೆಂಚು ಹತ್ತಿ ಕಿತ್ತೆಸೆಯುತ್ತಿದ್ದವಳು ಅವಳೇ. ಈಗ ಮತ್ತೊಂದು ಮೊಳೆತಿದೆ. ಅವಳನ್ನು ಒಳಗೆ ಬಿಡು."

"ಇಷ್ಟು ದೊಡ್ಡ ಕಲ್ಲಾಗಿ ಸಸಿಗೆ ಹೆದರುತ್ತೀಯಾ?"

"ಎರಡೆಲೆ ಇದ್ದಾಗ ಅದು ಕಳೆ, ಆಳೆತ್ತರ ಬೆಳೆದರೆ ದೇವರು. ಆಮೇಲೆ ಅದಕ್ಕೆ ಯಾರು ಕೈ ಹಚ್ಚುತ್ತಾರೆ?"

ಬೇಲಿ ನಕ್ಕಿತು, ಬೀಗ ತೆರೆಯಲಿಲ್ಲ.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಸೂರನ್ನು ಸೀಳಿ ಕಂಬದುದ್ದಕ್ಕೂ ಇಳಿಯಿತು. ಮಂಟಪ ಉಳಿಸಬೇಕೆಂದು ಕೊಡಲಿ ಹಿಡಿದು ಬಂದವರೇ ಮರವನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಮರುವಾರ ಕಾಂಡಕ್ಕೆ ಅರಿಸಿನದ ದಾರ ಸುತ್ತಿದರು. ಪ್ರದಕ್ಷಿಣೆಗೆ ಜಾಗ ಸಾಲದೆಂದು ಬೇಲಿಯನ್ನೇ ಕಿತ್ತು ಪಕ್ಕದ ಗೋಡೆಗೆ ಒರಗಿಸಿದರು.

"ನನ್ನ ತಪ್ಪೇನು ತಾತ?" ಎಂದು ಬೇಲಿ ಗೋಳಾಡಿತು. "ಒಬ್ಬ ಕಳ್ಳನನ್ನಾದರೂ ಒಳಗೆ ಬಿಟ್ಟೆನೇ?"

"ಇಲ್ಲಪ್ಪ," ಎಂದಿತು ಮಂಟಪ. ಅಷ್ಟರಲ್ಲಿ ಅದರ ಇನ್ನೊಂದು ಕಲ್ಲು ಉದುರಿತು. "ಆರೈಕೆ ಮಾಡುವವಳನ್ನೂ ಬಿಡಲಿಲ್ಲ."